ಡಾಕ್ಟ್ರು ಆಚೆ, ಜ್ವರ ಈಚೆ

ನಮ್ಮ ಪೆರ್ಲದ ಕಡೆ ಯಾರಿಗಾದರೂ ಕಾಯಿಲೆ ಜೋರಾಯಿತು ಎಂದರೆ ಕೇಳುವವರು ಮೊದಲು ಕೇಳುವ ಮಾತು ಒಂದೇ. "ಮಂಗ್ಳೂರಿಗೆ ಕೊಂಡೋದ್ರಾ?" ಯಾವ ಕಾಯಿಲೆ, ಎಷ್ಟು ದಿನ ಆಯ್ತು ಎಂಬುದೆಲ್ಲ ಆಮೇಲೆ. ಅಜ್ಜಂದಿರ ಕಾಲದಿಂದಲೂ ಹೀಗೆಯೇ. ಹೆರಿಗೆ, ಹಾರ್ಟು, ಕಿಡ್ನಿ, ದಮ್ಮು ಎಲ್ಲದಕ್ಕೂ ಮಂಗಳೂರು. ಸಣ್ಣಪುಟ್ಟದಕ್ಕೆ ಪುತ್ತೂರು ಅಥವಾ ವಿಟ್ಲ. ನಮ್ಮ ಜಿಲ್ಲೆ ಕಾಸರಗೋಡು, ರಾಜ್ಯ ಕೇರಳ, ರೇಷನ್ ಕಾರ್ಡು ಮಲಯಾಳದಲ್ಲಿ. ಆದರೆ ಮೈ ಬೆಚ್ಚಗಾದರೆ ಕಾಲು ತಾನಾಗಿಯೇ ಉತ್ತರಕ್ಕೆ ತಿರುಗುತ್ತದೆ.

ವಾಚನಾಲಯದವರು "ಮಾಸ್ಟ್ರೇ, ಊರಿನ ಚರಿತ್ರೆಯ ಬಗ್ಗೆ ಏನಾದ್ರೂ ಬರೀರಿ" ಎಂದಾಗ ದೇವಸ್ಥಾನ, ಬೀಡು, ಶಾಸನ ಇವೆಲ್ಲ ತಲೆಗೆ ಬಂದವು. ಅವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾನು ನಮ್ಮ ಮನೆಗೆ ನೂರು ವರ್ಷದಲ್ಲಿ ಮೂರು ಸಲ ಬಂದ ಒಂದು ಜಾತಿಯ ಜ್ವರದ ಚರಿತ್ರೆ ಹೇಳುತ್ತೇನೆ. ಮೂಗಿನಲ್ಲಿ, ಗಂಟಲಲ್ಲಿ ಶುರುವಾಗಿ ಎದೆಗೆ ಇಳಿಯುವ ಜ್ವರ. ಅದಕ್ಕೆ ಡಾಕ್ಟರನ್ನು ಹುಡುಕಿಕೊಂಡು ಹೋದ ದಾರಿಯ ಚರಿತ್ರೆ ಎಂದರೂ ಸರಿ.

ಮೊದಲನೆಯದು ನನ್ನ ಅಜ್ಜಿಯ ಕಥೆ. 1918. ಅಜ್ಜಿಗೆ ಆಗ ಹನ್ನೆರಡು ವರ್ಷ ಇರಬಹುದು. ಆ ವರ್ಷದ ಬಗ್ಗೆ ಹೇಳುವಾಗ ಅವರು ಇಸವಿ ಹೇಳುತ್ತಿರಲಿಲ್ಲ, "ಜ್ವರದ ವರ್ಷ" ಎನ್ನುತ್ತಿದ್ದರು. "ಆಟಿ ತಿಂಗಳಲ್ಲಿ ಕಳೆಂಜ ಬಂದು ಮಾರಿ ಓಡಿಸಿ, ಅಕ್ಕಿ ಮೆಣಸು ತಕೊಂಡು ಹೋಗಿದ್ದ. ಆದ್ರೆ ಈ ಮಾರಿ ನಿರ್ನಾಲದಲ್ಲಿ ಬಂತು ನೋಡು, ಕಳೆಂಜ ಹೋದ ಮೇಲೆ." ಆಟಿ ಕಳೆದು ಸೋಣವೂ ಕಳೆದು ಬಂದ ಜ್ವರ ಎಂದರ್ಥ. ಏಣಿಲು ಗದ್ದೆ ಹಣ್ಣಾಗಿ ನಿಂತಿತ್ತಂತೆ, ಕೊಯ್ಯಲು ಜನವಿಲ್ಲ. ಮನೆಯಲ್ಲಿ ಒಂಬತ್ತು ಮಂದಿ. ಏಳು ಮಂದಿ ಚಾಪೆಯ ಮೇಲೆ. ಬಾವಿಯಿಂದ ನೀರು ಸೇದುವುದಕ್ಕೆ ಹನ್ನೆರಡು ವರ್ಷದ ಹುಡುಗಿ, ಮತ್ತೆ ಅವಳ ಚಿಕ್ಕಪ್ಪ.

ಇದು ಯಾವ ಜ್ವರ ಎಂದು ನನಗೆ ಗೊತ್ತಾದದ್ದು ಟ್ರೈನಿಂಗ್ ಮುಗಿಸಿ ಮಾಸ್ಟ್ರಾದ ಮೇಲೆ, ಪುಸ್ತಕ ಓದಿ. ಮೊದಲ ಮಹಾಯುದ್ಧದ ಕೊನೆಗೆ ಜಗತ್ತನ್ನೆಲ್ಲ ಸುತ್ತಿದ ಇನ್‌ಫ್ಲುಯೆಂಜಾ ಅದು. ಬೊಂಬಾಯಿ ಬಂದರಿಗೆ 1918 ರ ಜೂನ್‌ನಲ್ಲಿ ಇಳಿಯಿತು. ಮೊದಲ ಅಲೆ ಸೌಮ್ಯ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಂದ ಎರಡನೆಯದು ಕೊಂದಿತು. ರೈಲು ಹೋದಲ್ಲೆಲ್ಲ ಜ್ವರವೂ ಹೋಯಿತು. ಮಂಗಳೂರಿಗೆ 1907 ರಲ್ಲೇ ರೈಲು ಬಂದಿತ್ತು, ಕಾಸರಗೋಡು, ಕುಂಬಳೆಯ ಮೇಲಿಂದಲೇ ಹೋಗುತ್ತಿತ್ತು. ಭಾರತದಲ್ಲಿ ಸತ್ತವರು ಕಡಿಮೆ ಎಂದರೂ ಒಂದು ಕೋಟಿ ಇಪ್ಪತ್ತು ಲಕ್ಷ ಎಂದು ಬಲ್ಲವರು ಅಂದಾಜಿಸುತ್ತಾರೆ. 1911 ರಿಂದ 1921 ರ ಹತ್ತು ವರ್ಷದಲ್ಲಿ ನಮ್ಮ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ಜನಗಣತಿಯ ಲೆಕ್ಕದಲ್ಲಿ ಹಾಗೆ ಇಳಿದ ದಶಕ ಅದೊಂದೇ. ವಿಚಿತ್ರ ಎಂದರೆ ಆ ಜ್ವರಕ್ಕೆ ಹೆಚ್ಚು ಬಲಿಯಾದವರು ಮುದುಕರಲ್ಲ, ಇಪ್ಪತ್ತರಿಂದ ನಲ್ವತ್ತರ ಗಟ್ಟಿಮುಟ್ಟು ಜನ. ಅಜ್ಜಿಯ ಮನೆಯಲ್ಲೂ ಹಾಗೆಯೇ. ಮುದಿ ಅಜ್ಜ ಎದ್ದು ಕೂತರು, ಅಜ್ಜಿಯ ತಾಯಿ ಏಳಲಿಲ್ಲ.

ಡಾಕ್ಟರನ್ನು ತರಲಿಲ್ಲವಾ ಎಂದು ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಅಜ್ಜಿ ನಕ್ಕರು. ಊರಿನಲ್ಲಿ ಒಬ್ಬರು ಪಂಡಿತರಿದ್ದರು, ಆಡುಸೋಗೆ, ಶುಂಠಿ, ಕಾಳುಮೆಣಸಿನ ಕಷಾಯ ಕೊಡುವವರು. ಅವರೇ ಮಲಗಿದ್ದರು. ಕೊನೆಗೆ ಚಿಕ್ಕಪ್ಪ ವಿಟ್ಲದ ಮೇಲಿಂದ ನಡೆದು ಮಂಗಳೂರಿಗೆ ಹೋದರು. ಹೋಗಲು ಒಂದೂವರೆ ದಿನ, ಬರಲು ಒಂದೂವರೆ ದಿನ. ಕಂಕನಾಡಿಯ ಪಾದ್ರಿಗಳ ಆಸ್ಪತ್ರೆಯಿಂದ ಒಂದು ಚಿಕ್ಕ ಕುಪ್ಪಿಯಲ್ಲಿ ಬಿಳಿ ಗುಳಿಗೆ ತಂದರು.

ಆ ಪಾದ್ರಿ ಎಂದರೆ ಫಾದರ್ ಮುಲ್ಲರ್. ಜರ್ಮನಿಯವರು. 1878 ರಲ್ಲಿ ಮಂಗಳೂರಿಗೆ ಬಂದು, 1880 ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಆಲದ ಮರದ ಕೆಳಗೆ ಶುರುವಾದದ್ದು ಎನ್ನುತ್ತಾರೆ. ಅವರು 1910 ರಲ್ಲಿ ತೀರಿಕೊಂಡರು, ಆದರೆ ಗುಳಿಗೆ ಕೊಡುವ ಕೆಲಸ ನಿಲ್ಲಲಿಲ್ಲ. ಈಗ ಅದು ಮೆಡಿಕಲ್ ಕಾಲೇಜಿರುವ ದೊಡ್ಡ ಆಸ್ಪತ್ರೆ. ಇನ್ನೊಂದು ಕಡೆ ಸರ್ಕಾರದ ವೆನ್ಲಾಕ್ ಆಸ್ಪತ್ರೆ, 1848 ರಿಂದ ಇರುವಂಥದ್ದು. ನಮ್ಮವರಿಗೆ ಮಂಗಳೂರು ಎಂದರೆ ಮದ್ದು ಎಂಬ ಅಭ್ಯಾಸ ಆದದ್ದು ಹೀಗೆ.

ಆ ಗುಳಿಗೆಯಿಂದ ಏಳು ಮಂದಿಯಲ್ಲಿ ಐದು ಮಂದಿ ಬದುಕಿದರು ಎಂದು ಅಜ್ಜಿ ಸಾಯುವವರೆಗೂ ನಂಬಿದ್ದರು. ನನಗೆ ಆ ನಂಬಿಕೆ ಇಲ್ಲ. 1918 ರಲ್ಲಿ ಲಂಡನ್ನಿನ ದೊಡ್ಡ ಡಾಕ್ಟ್ರಿಗೂ ಆ ಜ್ವರಕ್ಕೆ ಮದ್ದು ಗೊತ್ತಿರಲಿಲ್ಲ. ಅದು ವೈರಸ್ಸಿನಿಂದ ಬರುವುದು ಎಂಬುದೇ ಗೊತ್ತಿರಲಿಲ್ಲ. ಒಂದು ಬ್ಯಾಕ್ಟೀರಿಯಾವನ್ನು ಕಳ್ಳ ಎಂದು ಹಿಡಿದಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸು ಕೈಗೆ ಸಿಕ್ಕಿದ್ದು 1933 ರಲ್ಲಿ. ಜ್ವರದ ಬೆನ್ನಿಗೇ ಬರುವ ನ್ಯುಮೋನಿಯಕ್ಕೆ ಪೆನಿಸಿಲಿನ್ ಇನ್ನೂ ಹುಟ್ಟಿರಲಿಲ್ಲ. ಆ ಐದು ಮಂದಿಯನ್ನು ಉಳಿಸಿದ್ದು ಹನ್ನೆರಡು ವರ್ಷದ ಹುಡುಗಿ ಹೊತ್ತುಹೊತ್ತಿಗೆ ಬಾಯಿಗೆ ಬಿಟ್ಟ ಗಂಜಿತಿಳಿ ಮತ್ತು ಬಿಸಿನೀರು ಎಂದು ನಾನು ಹೇಳುತ್ತೇನೆ. ಅಜ್ಜಿಗೆ ಹೇಳಿದರೆ ಒಪ್ಪುತ್ತಿರಲಿಲ್ಲ. "ಗಂಜಿ ನಾನು ಅಮ್ಮನಿಗೂ ಕೊಟ್ಟಿದ್ದೆ ಅಲ್ವಾ" ಎನ್ನುತ್ತಿದ್ದರೋ ಏನೋ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಉಂಟು. ಚಿಕ್ಕಪ್ಪ ಮೂರು ದಿನ ನಡೆದರೂ ದಾರಿಯಲ್ಲಿ ಯಾರೂ ಅವರನ್ನು ನಿಲ್ಲಿಸಲಿಲ್ಲ. ನಿಲ್ಲಿಸುವುದಕ್ಕೆ ಗಡಿಯೇ ಇರಲಿಲ್ಲ. ಕಾಸರಗೋಡು ತಾಲೂಕು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಕಲೆಕ್ಟರು ಮಂಗಳೂರಿನಲ್ಲಿ, ಎಲ್ಲರೂ ಮದ್ರಾಸು ಸರ್ಕಾರದ ಪ್ರಜೆಗಳು.

ಗಡಿ ಬಂದದ್ದು 1956 ರ ನವೆಂಬರ್ 1 ರಂದು. ಆ ಕಥೆ ನಿಮಗೆಲ್ಲ ಗೊತ್ತು, ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣ ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967 ರಲ್ಲಿ ಮಹಾಜನ ಆಯೋಗ ಹೇಳಿದ್ದೂ, ಅದು ಕಾಗದದಲ್ಲೇ ಉಳಿದದ್ದೂ ಗೊತ್ತು. ಅದನ್ನು ಇಲ್ಲಿ ಕೆದಕುವುದಿಲ್ಲ.

ಎರಡನೆಯ ಜ್ವರ ಬಂದದ್ದು ಮರುವರ್ಷವೇ, 1957 ರಲ್ಲಿ. ಏಶ್ಯನ್ ಫ್ಲೂ ಎಂದು ಅದರ ಹೆಸರು. ಆ ಏಪ್ರಿಲಿನಲ್ಲಿ ತಿರುವನಂತಪುರದಲ್ಲಿ ಹೊಸ ರಾಜ್ಯದ ಮೊದಲ ಮಂತ್ರಿಮಂಡಲ ಬಂತು, ಮೇ ತಿಂಗಳಲ್ಲಿ ಜ್ವರ ಹಡಗಿನಲ್ಲಿ ಮದ್ರಾಸಿಗೆ ಬಂತು. ನಾನು ಎರಡು ವರ್ಷದ ಮಗು, ನನಗೆ ನೆನಪಿಲ್ಲ. ಅಕ್ಕನಿಗೆ ನೆನಪುಂಟು. ಶಾಲೆಯಲ್ಲಿ ಅರ್ಧಕ್ಕರ್ಧ ಬೆಂಚು ಖಾಲಿ, ಮಾಸ್ಟ್ರೂ ಟವೆಲು ಸುತ್ತಿಕೊಂಡು ಕೆಮ್ಮುತ್ತಿದ್ದರಂತೆ. ಎಲ್ಲರೂ ಒಂದು ವಾರದಲ್ಲಿ ಎದ್ದರು. ನನಗೆ ಮಾತ್ರ ಎದೆ ಕಟ್ಟಿತು. ಅಪ್ಪ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಮಂಗಳೂರಿಗೆ ಹೋದರು, ಸೂಜಿ ಹಾಕಿಸಿ ಸಂಜೆಗೆ ವಾಪಸು ಬಂದರು. ಗಡಿ ಆಗ ನಕಾಶೆಯಲ್ಲಿ ಇತ್ತು, ರಸ್ತೆಯಲ್ಲಿ ಇರಲಿಲ್ಲ. ಮುಂದೆ ಅರುವತ್ತು ವರ್ಷ ಹಾಗೆಯೇ ನಡೆಯಿತು. ದೇರಳಕಟ್ಟೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳು ಬಂದ ಮೇಲಂತೂ ತಲಪಾಡಿ ದಾಟಿ ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಬಾಗಿಲು. ಇತ್ತ ದಕ್ಷಿಣಕ್ಕೆ ಹೋಗುವುದಾದರೆ ಪರಿಯಾರ ಎಂಬತ್ತು ಕಿಲೋಮೀಟರಿಗೂ ದೂರ, ಕೋಝಿಕ್ಕೋಡು ಅದರ ಎರಡು ಪಾಲಿಗಿಂತ ಹೆಚ್ಚು.

ಇನ್ನು ಮೂರನೆಯದು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ನಾನೇ ಕಂಡದ್ದು.

2020 ರ ಫೆಬ್ರವರಿ 3 ರಂದು ಭಾರತದ ಮೂರನೆಯ ಕೊರೊನಾ ರೋಗಿ ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲೇ, ಕಾಞಂಗಾಡಿನಲ್ಲಿ. ವುಹಾನಿನಿಂದ ಬಂದ ವಿದ್ಯಾರ್ಥಿ. ಜಿಲ್ಲಾ ಆಸ್ಪತ್ರೆಯಲ್ಲೇ ಗುಣವಾಗಿ ಮನೆಗೆ ಹೋದರು. ಆಗ ಯಾರಿಗೂ ಅಷ್ಟು ಹೆದರಿಕೆ ಆಗಲಿಲ್ಲ. ಮಾರ್ಚಿನಲ್ಲಿ ಗಲ್ಫಿನಿಂದ ಬಂದವರಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕಾಣಿಸಿತು. ತಿಂಗಳ ಕೊನೆಗೆ ಕೇರಳದಲ್ಲೇ ಅತಿ ಹೆಚ್ಚು ರೋಗಿಗಳಿರುವ ಜಿಲ್ಲೆ ನಮ್ಮದಾಯಿತು. ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಪೊಲೀಸರು. ಒಳದಾರಿಗಳಲ್ಲಿ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದರು.

ಸಾರಡ್ಕದ ಆಚೆ ಸುರಿದ ಮಣ್ಣನ್ನು ನಾನು ಕಣ್ಣಾರೆ ನೋಡಿದೆ. ಎದೆಮಟ್ಟ ಇತ್ತು. ನಮ್ಮ ಪಂಚಾಯತಿನಲ್ಲಿ ಸ್ವರ್ಗ ಎಂಬ ಊರು ಉಂಟು, ಅಲ್ಲಿಂದ ಪಾಣಾಜೆಗೆ ದಾಟಿದರೆ ಪುತ್ತೂರು. ಆ ದಾರಿಯೂ ಬಂದ್. ಸ್ವರ್ಗದ ಬಾಗಿಲೂ ಮುಚ್ಚಿತು ಮಾರಾಯ್ರೇ ಎಂದು ಅಂಗಡಿಯಲ್ಲಿ ಒಬ್ಬರು ಹೇಳಿದರು. ನಗು ಬಂತು, ಯಾರೂ ನಗಲಿಲ್ಲ.

ಅದೇ ವಾರ ನನ್ನ ಅಕ್ಕನಿಗೆ ಜ್ವರ ಬಂತು. ಎಪ್ಪತ್ತೊಂದು ವರ್ಷ. ಹದಿನೆಂಟು ವರ್ಷದಿಂದ ದಮ್ಮು, ಮಂಗಳೂರಿನ ಒಬ್ಬರು ಎದೆರೋಗದ ಡಾಕ್ಟ್ರ ಮದ್ದು. ಎರಡು ದಿನ ಗಂಟಲು ನೋವು, ಮೂರನೆಯ ದಿನ ಕೆಮ್ಮು, ಜ್ವರ. ಸೇದುವ ಮದ್ದು, ನಾವು ಪಂಪು ಎನ್ನುತ್ತೇವೆ, ಮುಗಿಯುತ್ತಾ ಬಂದಿತ್ತು. ಅದು ಪೆರ್ಲದಲ್ಲಿ ಸಿಗುವುದಿಲ್ಲ. ಯಾವಾಗಲೂ ಮಂಗಳೂರಿನಿಂದಲೇ ಮೂರು ತಿಂಗಳಿಗಾಗುವಷ್ಟು ತರುವುದು.

ಡಾಕ್ಟ್ರಿಗೆ ಫೋನು ಮಾಡಿದೆ. ಪುಣ್ಯಾತ್ಮರು ಎತ್ತಿದರು. "ಮಾಸ್ಟ್ರೇ, ನೀವು ಕರ್ಕೊಂಡು ಬರ್ಲಿಕ್ಕೆ ಆಗುದಿಲ್ಲ, ನಾನು ಬರ್ಲಿಕ್ಕೂ ಆಗುದಿಲ್ಲ. ಒಂದು ಕೆಲ್ಸ ಮಾಡಿ. ಅವ್ರು ಸುಮ್ನೆ ಕೂತಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರು ತೆಗಿತಾರೆ ಲೆಕ್ಕ ಹಾಕಿ. ಮೂವತ್ತು ದಾಟಿದ್ರೆ, ತುಟಿ ನೀಲಿ ಆದ್ರೆ, ಮಾತು ತಪ್ಪಿದ್ರೆ, ಯಾವ ಡಾಕ್ಟ್ರು ಅಂತ ನೋಡ್ಬೇಡಿ. ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ." ಜ್ವರಕ್ಕೆ ಇಂತಿಷ್ಟು ಗುಳಿಗೆ, ನೀರು ಚೆನ್ನಾಗಿ ಕೊಡಿ, ಆಂಟಿಬಯೋಟಿಕ್ ನೀವಾಗಿ ಕೊಡಬೇಡಿ, ವೈರಸ್ಸಿಗೆ ಅದು ನಾಟುವುದಿಲ್ಲ ಎಂದೂ ಹೇಳಿದರು. ಈ ನಾಲ್ಕು ಮಾತು ಬರೆದ ಚೀಟಿ ಇನ್ನೂ ನನ್ನ ಡೈರಿಯಲ್ಲಿ ಉಂಟು.

ಉಸಿರು ಇಪ್ಪತ್ತಾರು.

ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆ. ಬಾಗಿಲಲ್ಲಿ ಕಾಗದ ಅಂಟಿಸಿತ್ತು: ಜ್ವರ, ಕೆಮ್ಮು ಇರುವವರಿಗೆ ಪ್ರವೇಶವಿಲ್ಲ. ಜ್ವರ, ಕೆಮ್ಮು ಇಲ್ಲದವರು ಆ ದಿನಗಳಲ್ಲಿ ಅಲ್ಲಿಗೆ ಯಾಕೆ ಹೋಗುತ್ತಾರೋ ನನಗೆ ತಿಳಿಯಲಿಲ್ಲ. ಕಾವಲಿನವನು ಪರಿಚಯದವನೇ, ಕಿಟಕಿಯಿಂದ ಕೈ ಆಡಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಮನೆಯಲ್ಲಿ ಮಕ್ಕಳು.

ಆಮೇಲೆ ಒಂದು ಸಹಾಯವಾಣಿಗೆ ಫೋನು. ಮಾತಾಡಿದ ಹುಡುಗಿ ತೆಂಕಣದವಳು, ಮರ್ಯಾದೆಯ ಮಾತು. ರೋಗಿಯ ಹತ್ತಿರವೇ ಮಾತಾಡಬೇಕು ಎಂದಳು. ಅಕ್ಕನಿಗೆ ಕೊಟ್ಟೆ. ಅಕ್ಕನಿಗೆ ತುಳು ಬರುತ್ತದೆ, ಕನ್ನಡ ಬರುತ್ತದೆ, ಮಲಯಾಳ ಬಸ್ಸಿನ ಬೋರ್ಡು ಓದುವಷ್ಟೂ ಇಲ್ಲ. ಆ ಹುಡುಗಿ "ಶ್ವಾಸಂ ಮುಟ್ಟುಂಡೋ ಅಮ್ಮೇ?" ಎಂದು ಕೇಳಿದಳು. ಉಸಿರು ಕಟ್ಟುತ್ತದಾ ಎಂದು ಅದರ ಅರ್ಥ. ಅಕ್ಕ "ಇಲ್ಲ ಮಗಾ, ನಾನು ಯಾರನ್ನೂ ಮುಟ್ಲಿಲ್ಲ, ಹೊರಗೆ ಕಾಲೇ ಇಡ್ಲಿಲ್ಲ" ಎಂದರು. ಉಸಿರಿನ ತೊಂದರೆ ಇಲ್ಲ ಎಂದು ಅಲ್ಲಿ ಬರೆದುಕೊಂಡಿರಬೇಕು. ನಾನು ಫೋನು ಕಸಿದುಕೊಳ್ಳುವುದರೊಳಗೆ ಕಟ್ಟಾಯಿತು. ಪುನಃ ಲೈನು ಸಿಗಲು ಒಂದು ಗಂಟೆ ಬೇಕಾಯಿತು. ಈ ಕಥೆಯನ್ನು ನಾನು ಆಮೇಲೆ ಮದುವೆಮನೆಗಳಲ್ಲಿ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಅವತ್ತು ನಗುವ ಹಾಗಿರಲಿಲ್ಲ. ನಮಗೆ ಕನ್ನಡ ಬೇಕು, ಕನ್ನಡದ ಅಧಿಕಾರಿ ಬೇಕು ಎಂದು ನಾವು ಅರ್ಜಿ ಕೊಡುವಾಗ ಇವರಿಗೆ ಬೇರೆ ಕೆಲಸವಿಲ್ಲ ಎನ್ನುವವರಿದ್ದಾರೆ. ಅವರು ಒಮ್ಮೆ ಅಕ್ಕನ ಜಾಗದಲ್ಲಿ ಕೂತು ನೋಡಬೇಕು.

ಪಂಪು ಬಂದದ್ದು ಮಣ್ಣಿನ ಮೇಲಿನಿಂದ. ಅಡ್ಯನಡ್ಕದಲ್ಲಿ ನಮ್ಮ ಅಳಿಯ, ಅಂದರೆ ಅಕ್ಕನ ತಂಗಿಯ ಮಗಳ ಗಂಡ, ಇದ್ದಾನೆ. ಅವನು ವಿಟ್ಲದ ಮೆಡಿಕಲ್ಲಿನಿಂದ ಎರಡು ತಂದ. ನಾನು ಸಾರಡ್ಕದ ಕಡೆಯಿಂದ, ಅವನು ಆ ಕಡೆಯಿಂದ. ನಡುವೆ ಮಣ್ಣಿನ ರಾಶಿ, ಅದರಾಚೆ ಕುರ್ಚಿ ಹಾಕಿಕೊಂಡು ಒಬ್ಬ ಪೊಲೀಸು. ಅಳಿಯ "ಸಾರ್, ದಮ್ಮಿನ ಮದ್ದು" ಎಂದ. ಪೊಲೀಸು ಏನೂ ಹೇಳಲಿಲ್ಲ, ಮೊಬೈಲು ನೋಡುತ್ತಾ ಆಚೆ ತಿರುಗಿ ಕೂತರು. ಪ್ಲಾಸ್ಟಿಕ್ ಚೀಲ ಮಣ್ಣಿನ ಮೇಲಿಂದ ಹಾರಿ ಬಂದು ನನ್ನ ಕೈಗೆ ಬಿತ್ತು. "ದೊಡ್ಡಮ್ಮನಿಗೆ ಹೇಗುಂಟು?" ಎಂದು ಕೂಗಿದ. "ಉಂಟು" ಎಂದೆ.

ಆ ದಿನಗಳಲ್ಲಿ ಪತ್ರಿಕೆ ತೆರೆದರೆ ಇದೇ ಸುದ್ದಿ. ತಲಪಾಡಿಯಲ್ಲಿ ಆಂಬ್ಯುಲೆನ್ಸು ವಾಪಸು ಕಳಿಸಿದರು, ಮಂಗಳೂರಿಗೆ ಹೋಗಲಾಗದೆ ರೋಗಿ ತೀರಿಕೊಂಡರು, ಮತ್ತೊಬ್ಬರು ತೀರಿಕೊಂಡರು. ಏಪ್ರಿಲ್ 1 ರಂದು ಕೇರಳ ಹೈಕೋರ್ಟು ರಸ್ತೆ ತೆರೆಸಿ ಎಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೂ ರಾಜ್ಯದವರು ಕೂತು ಮಾತಾಡಿ ಎಂದು ಅದು ಹೇಳಿ, ಏಪ್ರಿಲ್ 7 ರಂದು ಒಂದು ಒಪ್ಪಂದವಾಗಿದೆ ಎಂದು ಕೇಸು ಮುಗಿಯಿತು. ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ತಪಾಸಣೆ ಮಾಡಿ ಬಿಡುವುದು, ಆದರೆ ಕೊರೊನಾ ಇರಬಾರದು. ಹಾರ್ಟಿನವರಿಗೆ, ಕಿಡ್ನಿಯವರಿಗೆ ಅದರಿಂದ ಉಪಕಾರವಾಗಬಹುದಿತ್ತು. ಜ್ವರ, ಕೆಮ್ಮು, ಏದುಸಿರು ಇರುವವರಿಗೆ ಮಾತ್ರ, ಆ ರೋಗ ಇರಲಿ ಇಲ್ಲದಿರಲಿ, ದಾರಿ ಮುಚ್ಚಿದ ಹಾಗೆಯೇ.

ಮಂಗಳೂರಿನವರ ಹೆದರಿಕೆ ಸುಳ್ಳಾಗಿತ್ತು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ರೋಗ ಹೆಚ್ಚಿತ್ತು, ಅವರಲ್ಲಿ ಇನ್ನೂ ಕಡಿಮೆ. ಆದರೆ ನಮ್ಮ ಹಣದಿಂದ, ನಮ್ಮ ಕಾಯಿಲೆಗಳಿಂದ ಬೆಳೆದ ಊರು ಒಂದು ರಾತ್ರಿಯಲ್ಲಿ ನಮ್ಮನ್ನು ಪರದೇಶದವರು ಎಂದು ಕಂಡದ್ದು ಮನಸ್ಸಿಗೆ ಹತ್ತಿದೆ. ತಪ್ಪು ಈ ಕಡೆಯೂ ಉಂಟು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013 ರ ನವೆಂಬರ್ 30 ರಂದು. ಏಳನೆಯ ವರ್ಷಕ್ಕೆ ಕಾಲಿಟ್ಟರೂ ಅಲ್ಲಿ ಒಬ್ಬ ರೋಗಿ ಮಲಗಲು ಹಾಸಿಗೆ ಇರಲಿಲ್ಲ. ಮಣ್ಣು ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಅದೇ ಕಟ್ಟಡ ಸುಮಾರು 200 ಹಾಸಿಗೆಯ ಕೊರೊನಾ ಆಸ್ಪತ್ರೆ ಆಯಿತು, ಏಪ್ರಿಲ್ 6 ರಂದು ತೆರೆಯಿತು. ತಿರುವನಂತಪುರದ ಮೆಡಿಕಲ್ ಕಾಲೇಜಿನಿಂದ ಡಾಕ್ಟ್ರು, ನರ್ಸುಗಳು ಸೇರಿ ಇಪ್ಪತ್ತಾರು ಮಂದಿ ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದರು. ಮಾಡಲು ಆಗುತ್ತಿತ್ತು ಎಂದಾಯಿತಲ್ಲ!

ಅಕ್ಕನ ವಿಷಯಕ್ಕೆ ಬರುತ್ತೇನೆ. ಪಂಪು ಬಂದ ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಬಂದಳು, ನನ್ನ ಹಳೆಯ ಶಿಷ್ಯೆ. ಬಾಗಿಲಲ್ಲೇ ನಿಂತು ಅಕ್ಕನ ಮುಖ ನೋಡಿದವಳೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ಜೀಪು. ಇಳಿದದ್ದು ಮೂವತ್ತು ತುಂಬದ ಡಾಕ್ಟ್ರು ಹುಡುಗಿ, ಕೊಲ್ಲಂ ಕಡೆಯವಳು, ಮೈತುಂಬ ಪ್ಲಾಸ್ಟಿಕ್ಕಿನ ಅಂಗಿ, ಆ ಮಾರ್ಚಿನ ಸೆಕೆಯಲ್ಲಿ. ಅವಳಿಗೆ ಕನ್ನಡ ಬರುವುದಿಲ್ಲ. ಆಶಾ ನಡುವೆ ನಿಂತು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹೇಳಿದಳು. ಡಾಕ್ಟ್ರು ಅಕ್ಕನ ಹತ್ತಿರ ಕೂತು, ಮಾತಿಲ್ಲದೆ, ಕೈಗಡಿಯಾರ ನೋಡುತ್ತಾ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರು. ಮಂಗಳೂರಿನ ಡಾಕ್ಟ್ರು ನನಗೆ ಹೇಳಿಕೊಟ್ಟ ಕೆಲಸವೇ. ಮೂವತ್ತನಾಲ್ಕು. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಎಂಬತ್ತೊಂಬತ್ತು.

108 ರ ಆಂಬ್ಯುಲೆನ್ಸು ಬಂತು. ಕಾಸರಗೋಡಿನ ಸರ್ಕಾರಿ ಆಸ್ಪತ್ರೆಯ ಶಂಕಿತರ ವಾರ್ಡಿಗೆ ಹಾಕಿದರು. ನಾನು ಗೇಟಿನವರೆಗೆ ಮಾತ್ರ. ಅಕ್ಕ ಜೀವಮಾನದಲ್ಲಿ ಮೊದಲ ಸಲ ದಕ್ಷಿಣಕ್ಕೆ ಮದ್ದಿಗೆ ಹೋದದ್ದು. ಮೂಗಿನ ದ್ರವ ಪರೀಕ್ಷೆಗೆ ಹೋಯಿತು, ಮೂರನೆಯ ದಿನ ಫಲಿತಾಂಶ ಬಂತು. ಕೊರೊನಾ ಅಲ್ಲ. ಬೇರೆ ಯಾವುದೋ ವೈರಸ್ಸು, ದಮ್ಮಿನವರಿಗೆ ಮಳೆಗಾಲದಲ್ಲೂ ಚಳಿಯಲ್ಲೂ ಬರುವಂಥದ್ದೇ. ಆಕ್ಸಿಜನ್ ಕೊಟ್ಟರು, ಉಬ್ಬಸಕ್ಕೆ ಮದ್ದು ಕೊಟ್ಟರು. ಒಂಬತ್ತನೆಯ ದಿನ ಮನೆಗೆ. ವಾರ್ಡಿನಲ್ಲಿ ಒಬ್ಬಳು ನರ್ಸು ಮಂಜೇಶ್ವರದವಳು, ತುಳುವಿನಲ್ಲಿ ಮಾತಾಡುತ್ತಿದ್ದಳು, ಅವಳಿಂದಲೇ ನಾನು ಬದುಕಿದ್ದು ಎಂದು ಅಕ್ಕ ಹೇಳುತ್ತಾರೆ. ಆಕ್ಸಿಜನ್ನಿಂದ ಎಂದು ನಾನು ಹೇಳುತ್ತೇನೆ. ಅಜ್ಜಿಯ ಗುಳಿಗೆಯ ಚರ್ಚೆಯ ಹಾಗೆ ಇದೂ ಮುಗಿಯುವುದಿಲ್ಲ.

ಮೇ 10 ರ ಹೊತ್ತಿಗೆ ಜಿಲ್ಲೆಯ ಆ ಸುತ್ತಿನ 178 ರೋಗಿಗಳೂ ಗುಣವಾಗಿದ್ದರು, ಒಬ್ಬರೂ ಸಾಯಲಿಲ್ಲ. ಮಂಗಳೂರಿಗೆ ಹೋಗದೆಯೂ ಬದುಕಬಹುದು ಎಂದು ನಮ್ಮ ಜನ ಮೊದಲ ಸಲ ಕಂಡರು. ಆದರೆ ಅದು ಆ ಒಂದು ರೋಗದ ಲೆಕ್ಕ. ಗಡಿಯಲ್ಲಿ ಸತ್ತ ಹಾರ್ಟಿನವರು, ಕಿಡ್ನಿಯವರು ಆ ಲೆಕ್ಕದಲ್ಲಿ ಬರುವುದಿಲ್ಲ. ಮುಂದಿನ ವರ್ಷದ ಅಲೆ ಬೇರೆಯೇ ಆಯಿತು. 2021 ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಬರುತ್ತಿದ್ದ ಆಕ್ಸಿಜನ್ ಸಿಲಿಂಡರಿಗೂ ತಡೆ ಬಿತ್ತು, ನಮ್ಮ ಜಿಲ್ಲಾಧಿಕಾರಿ ಸಿಲಿಂಡರು ಇದ್ದವರು ಕೊಡಿ ಎಂದು ಜನರಲ್ಲಿ ಬೇಡಬೇಕಾಯಿತು. ಆಗ ನಮ್ಮ ಊರಿನಲ್ಲೂ ಸಾವಾಯಿತು. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರು ಈ ಪುಸ್ತಕ ಓದುತ್ತಾರೆ.

ಉಕ್ಕಿನಡ್ಕದಲ್ಲಿ 2022 ರ ಜನವರಿಯಲ್ಲಿ ಹೊರರೋಗಿ ವಿಭಾಗ ಶುರುವಾಯಿತು. ಅಕ್ಕನನ್ನು ಒಂದೆರಡು ಸಲ ಅಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟ್ರು ಒಳ್ಳೆಯವರು, ಚೀಟಿಯ ಖರ್ಚೂ ಇಲ್ಲದ ಹಾಗೆ. ಆದರೂ ಮೂರು ತಿಂಗಳಿಗೊಮ್ಮೆ ಅಕ್ಕ ಬೆಳಿಗ್ಗೆ ಎದ್ದು ಸೀರೆ ಉಟ್ಟು, ಚೀಲದಲ್ಲಿ ಹಳೆಯ ಎಕ್ಸ್‌ರೇಗಳನ್ನೆಲ್ಲ ಹಾಕಿಕೊಂಡು, "ಮಂಗ್ಳೂರಿಗೆ ಹೋಗುವಾ" ಎನ್ನುತ್ತಾರೆ. ನಾವು ಸಾರಡ್ಕದ ಮೇಲಿಂದಲೇ ಹೋಗುತ್ತೇವೆ. ಮಣ್ಣು ತೆಗೆದು ರಸ್ತೆಯ ಬದಿಗೆ ನೂಕಿದ್ದಾರೆ, ಅದರ ಮೇಲೆ ಹುಲ್ಲು ಬಂದಿದೆ, ಒಂದು ಪಪ್ಪಾಯಿ ಗಿಡವೂ ಬಂದಿದೆ. ಮೊನ್ನೆ ಹೋಗುವಾಗ ಅದರಲ್ಲಿ ನಾಲ್ಕು ಕಾಯಿ ಇತ್ತು. ಯಾವ ರಾಜ್ಯದ ಕಾಯಿ ಎಂದು ಅಕ್ಕ ಕೇಳಿದರು. ಡ್ರೈವರು ಹುಡುಗ ಗಾಡಿ ನಿಲ್ಲಿಸಿ ಒಂದು ಕಿತ್ತುಕೊಂಡು ಬಂದ.